ಬಿಟ್ಟೆ ಅನ್ನುವ ಮಾತು

“ಬೀಡಿ ಬಿಡೋದು ಏನು ಮಹಾ ಕಷ್ಟ? ನಾನೇ ನೂರು ಸಲ ಬಿಟ್ಟಿದ್ದೀನಿ!” ಈ ನಗೆಹನಿಯನ್ನು ಕೇಳದವರು ಕಡಿಮೆ. ಬಸ್ ಸ್ಟ್ಯಾಂಡಿನಲ್ಲಿ, ಕ್ಷೌರದಂಗಡಿಯಲ್ಲಿ, ಮದುವೆಮನೆಯ ಹಿತ್ತಲಿನಲ್ಲಿ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಉಳಿದವರು ನಗುತ್ತಾರೆ, ನಗುತ್ತಲೇ ಇನ್ನೊಂದು ಹಚ್ಚುತ್ತಾರೆ.

ಆ ನಗೆಯೊಳಗೆ ಒಂದು ಪ್ರಶ್ನೆ ಇದೆ. ನೂರು ಸಲ ಬಿಟ್ಟವನು ಒಂದು ಸಲವಾದರೂ ಬಿಟ್ಟಿದ್ದಾನೆಯೇ? ಕನ್ನಡದಲ್ಲಿ ನಾವು ಏನೇನನ್ನೋ ಬಿಡುತ್ತೇವೆ. ಊರು ಬಿಡುತ್ತೇವೆ, ಕೆಲಸ ಬಿಡುತ್ತೇವೆ, ಬೆಳಗಿನ ಬಸ್ಸು ಯಳಂದೂರು ಬಿಡುತ್ತದೆ. ಇವೆಲ್ಲ ಆದ ಗಳಿಗೆಗೆ ಆಗಿಹೋದವು. ಬೆಳಿಗ್ಗೆ ಊರು ಬಿಟ್ಟವನು ಸಂಜೆಗೆ ಮರಳಿದರೂ ಬೆಳಿಗ್ಗೆ ಬಿಟ್ಟದ್ದು ಸುಳ್ಳಾಗುವುದಿಲ್ಲ. ಬೀಡಿಯ ವಿಷಯದಲ್ಲಿ ಮಾತ್ರ ಹಾಗಲ್ಲ. ‘ಬಿಟ್ಟೆ’ ಎಂದವನು ನಾಳಿದ್ದು ಸೇದಿದರೆ ಇವತ್ತಿನ ಮಾತೇ ಬಿದ್ದುಹೋಗುತ್ತದೆ. ಕ್ರಿಯಾಪದ ಭೂತಕಾಲದಲ್ಲಿದೆ, ಅದಕ್ಕೆ ಸಾಕ್ಷಿ ಹೇಳಬೇಕಾದದ್ದು ಮಾತ್ರ ಇನ್ನೂ ಬಾರದ ಕಾಲ.

ಹಾಗಾದರೆ ‘ಬಿಟ್ಟೆ’ ಎಂಬುದು ಯಾವ ಬಗೆಯ ಮಾತು? ಮುಂದೆ ಹೀಗಾಗುತ್ತದೆ ಎಂದು ಹೇಳುವ ಭವಿಷ್ಯವೇ? ಇನ್ನೊಬ್ಬರಿಗೆ ಕೊಟ್ಟ ಭಾಷೆಯೇ? ಬರಿಯ ಹಂಬಲವೇ? ಶಾಶ್ವತವಾಗಿ ಬಿಡುವ ದಾರಿ ಯಾವುದು ಎಂದು ಕೇಳುವ ಮೊದಲು ಇದನ್ನು ಕೇಳಿಕೊಳ್ಳಬೇಕು ಅನ್ನಿಸುತ್ತದೆ. ಯಾಕೆಂದರೆ ನೂರು ಸಲ ಬಿಟ್ಟವನಿಗೆ ದಾರಿಗಳು ಗೊತ್ತಿಲ್ಲದೆ ಇಲ್ಲ. ಅವನ ಬಳಿ ಏಲಕ್ಕಿ ಇದೆ, ಪೆಪ್ಪರ್‌ಮಿಂಟ್ ಇದೆ, ಹೆಂಡತಿ ಹಾಕಿಸಿದ ಆಣೆ ಇದೆ. ಸಾಲದ್ದಕ್ಕೆ ಬೀಡಿಕಟ್ಟಿನ ಮೇಲೆಯೇ ಎಚ್ಚರಿಕೆಯ ಚಿತ್ರವಿದೆ.

ಒಂದು ದಾರಿಯನ್ನೇ ನೋಡೋಣ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವಾಗ ಗುಂಬಳ್ಳಿ ಬಳಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಸಿಗುತ್ತದೆ. ಅದರಾಚೆ ಹುಲಿ ಸಂರಕ್ಷಿತ ಪ್ರದೇಶ. ಬೇಸಿಗೆಯಲ್ಲಿ ಇಲ್ಲಿನ ಎಲೆಯುದುರುವ ಕಾಡು ಒಣಗಿ ಗರಿಗರಿಯಾಗಿರುತ್ತದೆ, ಒಂದು ಬೀಡಿಯ ತುಂಡು ಸಾಕು. ಹಾಗಾಗಿ ಕಾಡಿನ ದಾರಿಯಲ್ಲಿ ಬೀಡಿ ಸಿಗರೇಟು ಹಚ್ಚುವಂತಿಲ್ಲ. ದಿನಕ್ಕೆ ಎರಡು ಕಟ್ಟು ಬೀಡಿ ಸೇದುವ ಒಬ್ಬ ಜೀಪು ಚಾಲಕನನ್ನು ಊಹಿಸಿಕೊಳ್ಳಿ. ಗೇಟು ದಾಟಿದ ಮೇಲೆ ಅವನು ಹಚ್ಚುವುದಿಲ್ಲ. ಅಷ್ಟೇ ಅಲ್ಲ, ಹಚ್ಚಬೇಕು ಎಂಬ ಯೋಚನೆಯೂ ಅವನಿಗೆ ಅಷ್ಟಾಗಿ ಬರುವುದಿಲ್ಲ. ತಿರುವುಗಳನ್ನು ನೋಡಿಕೊಳ್ಳುತ್ತಾನೆ, ದಾರಿಗೆ ಅಡ್ಡ ಬಂದ ಕಡವೆ ತೋರಿಸುತ್ತಾನೆ, ಹತ್ತುವಾಗ ಕ್ಲಚ್ಚಿನ ಸದ್ದು ಕೇಳಿಸಿಕೊಳ್ಳುತ್ತಾನೆ. ವಾಪಸು ಇಳಿಯುವಾಗ ಗುಂಬಳ್ಳಿ ಗೇಟು ಇನ್ನೇನು ಬಂತು ಅನ್ನುವಾಗ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಗೇಟು ದಾಟಿ ಮೊದಲ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲುತ್ತದೆ.

ಇದೇ ಮನುಷ್ಯ ಇನ್ನೊಂದು ದಿನ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾಯುತ್ತ ಅರ್ಧ ಗಂಟೆ ತಡೆಯಲಾರ. ಕಾಡಿನಲ್ಲಿ ಅದಕ್ಕಿಂತ ಹೊತ್ತು ತಡೆದದ್ದು ಹೇಗೆ? ಇಚ್ಛಾಶಕ್ತಿ ಎಂದು ಹೇಳುವ ಹಾಗಿಲ್ಲ. ಅವನು ಏನನ್ನೂ ತಡೆದಿರಲೇ ಇಲ್ಲವಲ್ಲ. ರಕ್ತದಲ್ಲಿ ನಿಕೋಟಿನ್ ಇಳಿಯುವ ವೇಗ ಎರಡೂ ಕಡೆ ಒಂದೇ. ಸುಮಾರು ಎರಡು ಗಂಟೆಗೆ ಅದು ಅರ್ಧಕ್ಕೆ ಬರುತ್ತದೆ. ಕಾಡಿನ ನಿಕೋಟಿನ್ ಬೇರೆ, ಊರಿನ ನಿಕೋಟಿನ್ ಬೇರೆ ಅಲ್ಲ. ಬೇರೆಯಾದದ್ದು ಒಂದೇ. ಕೊಳ್ಳೇಗಾಲದಲ್ಲಿ ‘ಈಗ ಹಚ್ಚಲೇ?’ ಎಂಬ ಪ್ರಶ್ನೆ ತೆರೆದಿತ್ತು, ಕಾಡಿನಲ್ಲಿ ಅದು ಮುಚ್ಚಿತ್ತು.

ಇದು ಬರಿಯ ಊಹೆಯಲ್ಲ. ಇಸ್ರೇಲಿನ ಮನಶ್ಶಾಸ್ತ್ರಜ್ಞ ರೂವೆನ್ ದಾರ್ ಮತ್ತು ಸಂಗಡಿಗರು ಇದನ್ನು ಎರಡು ರೀತಿಯಲ್ಲಿ ಪರೀಕ್ಷಿಸಿದರು. ಸಂಪ್ರದಾಯಸ್ಥ ಯಹೂದಿಗಳು ಶನಿವಾರದ ಸಬ್ಬತ್ ದಿನ ಬೆಂಕಿ ಹಚ್ಚುವುದಿಲ್ಲ. ವಾರವಿಡೀ ಸೇದುವವರು ಆ ದಿನ ಪೂರ್ತಿ ಸುಮ್ಮನಿರುತ್ತಾರೆ. ಅದೇ ಜನರನ್ನು ಒಂದು ಕೆಲಸದ ದಿನ ಸೇದದೆ ಇರುವಂತೆ ಕೇಳಿಕೊಂಡಾಗ ಅವರ ತಹತಹ ಸಬ್ಬತ್ ದಿನದ್ದಕ್ಕಿಂತ ಹೆಚ್ಚಿತ್ತು. ಇದು 2005ರಲ್ಲಿ ಪ್ರಕಟವಾದದ್ದು. 2010ರ ಇನ್ನೊಂದು ಅಧ್ಯಯನ ವಿಮಾನದ ಪರಿಚಾರಕರ ಮೇಲೆ ನಡೆಯಿತು. ಮೂರರಿಂದ ಐದೂವರೆ ಗಂಟೆಯ ಹಾರಾಟದಲ್ಲೂ ಹತ್ತರಿಂದ ಹದಿಮೂರು ಗಂಟೆಯ ಹಾರಾಟದಲ್ಲೂ ಸೇದುವ ಆಸೆ ಏರಿದ್ದು ವಿಮಾನ ಇಳಿಯುವ ಹೊತ್ತು ಹತ್ತಿರವಾದಾಗ. ಚಿಕ್ಕ ಹಾರಾಟದ ಕೊನೆಯಲ್ಲಿ ಇದ್ದಷ್ಟು ಆಸೆ ದೊಡ್ಡ ಹಾರಾಟದಲ್ಲಿ ಅಷ್ಟೇ ಗಂಟೆ ಕಳೆದಾಗ ಇರಲಿಲ್ಲ. ಸೇದದೆ ಎಷ್ಟು ಹೊತ್ತಾಯಿತು ಎಂಬುದಕ್ಕಿಂತ ಸೇದಲು ಇನ್ನೆಷ್ಟು ಹೊತ್ತಿದೆ ಎಂಬುದೇ ಆಸೆಯನ್ನು ಆಡಿಸುತ್ತಿತ್ತು. ನಮ್ಮ ಚಾಲಕನ ಕೈಯನ್ನು ಜೇಬಿಗೆ ಕರೆದದ್ದು ಗೇಟು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಊರುಗಳಲ್ಲಿ ಪ್ರತಿ ವರ್ಷ ಕಾರ್ತಿಕ ಮಾಸದ ಹೊತ್ತಿಗೆ ಇದೇ ಪ್ರಯೋಗ ಸಾವಿರಾರು ಜನರ ಮೇಲೆ ನಡೆಯುತ್ತದೆ. ಅಯ್ಯಪ್ಪನ ಮಾಲೆ ಹಾಕಿದವನು 41 ದಿನ ಬೀಡಿ ಮುಟ್ಟುವುದಿಲ್ಲ, ಕುಡಿಯುವುದಿಲ್ಲ, ತಣ್ಣೀರು ಸ್ನಾನ ಮಾಡುತ್ತಾನೆ, ಚಾಪೆಯ ಮೇಲೆ ಮಲಗುತ್ತಾನೆ. ನಿನ್ನೆಯವರೆಗೆ ‘ಲೋ’ ಎನ್ನುತ್ತಿದ್ದ ಗೆಳೆಯರು ‘ಸ್ವಾಮಿ’ ಎನ್ನುತ್ತಾರೆ. ಟೀ ಅಂಗಡಿಯವನೂ ‘ಏನು ಕೊಡಲಿ ಸ್ವಾಮಿ?’ ಎನ್ನುತ್ತಾನೆಯೇ ಹೊರತು ಬೀಡಿಕಟ್ಟನ್ನು ಮುಂದೆ ತಳ್ಳುವುದಿಲ್ಲ. ನಿಕೋಟಿನ್ ಬಿಟ್ಟವರ ಸಂಕಟ ಎರಡು ಮೂರನೆಯ ದಿನ ತುದಿಗೇರಿ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಅಂದರೆ 41 ದಿನ ಮುಗಿಸಿದವನ ಮೈ ಹೆಚ್ಚುಕಡಿಮೆ ಆ ನದಿ ದಾಟಿ ಆಚೆ ದಡದಲ್ಲಿದೆ. ಆದರೂ ಶಬರಿಮಲೆಯಿಂದ ಬಂದು ಮಾಲೆ ಬಿಚ್ಚಿದ ದಿನವೇ ಎಷ್ಟೋ ಜನ ಮತ್ತೆ ಹಚ್ಚುತ್ತಾರೆ. ರಂಜಾನಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಹನಿ ನೀರೂ ಮುಟ್ಟದವರಲ್ಲಿ ಕೆಲವರು ಉಪವಾಸ ಬಿಟ್ಟ ಕೂಡಲೇ ಸಿಗರೇಟಿಗೆ ಕೈ ಹಾಕುತ್ತಾರೆ.

ಇದನ್ನು ಭಕ್ತಿಯ ಕೊರತೆ ಎಂದು ಹಂಗಿಸುವುದು ಸುಲಭ. ನನಗೆ ಕಾಣುವುದು ಬೇರೆ. ‘ನಿನಗೆ ಇಚ್ಛಾಶಕ್ತಿ ಇಲ್ಲ’ ಎಂದು ಇವರಿಗೆ ಹೇಳುವಂತಿಲ್ಲ. 41 ದಿನ ತಣ್ಣೀರಲ್ಲಿ ಮಿಂದವನ ಇಚ್ಛಾಶಕ್ತಿಯಲ್ಲಿ ಯಾವ ಕೊರತೆಯೂ ಇಲ್ಲ. ಅವನ ಬಾಗಿಲು ಗಟ್ಟಿಯಾಗಿಯೇ ಮುಚ್ಚಿತ್ತು. ಆದರೆ ಅದು ತೆರೆಯುವ ದಿನ ಮುಚ್ಚುವಾಗಲೇ ಪಂಚಾಂಗದಲ್ಲಿ ಗೊತ್ತಾಗಿತ್ತು. ಶಾಶ್ವತವಾಗಿ ಬಿಡುವುದು ಎಂದರೆ ಆಚೆ ಕಡೆ ಟೀ ಅಂಗಡಿಯೇ ಇಲ್ಲದ ಗೇಟನ್ನು ದಾಟುವುದು. ಕಷ್ಟ ಇರುವುದು ಅಲ್ಲಿ.

ಯಾಕೆಂದರೆ ಅಂಥ ಗೇಟನ್ನು ಅರಣ್ಯ ಇಲಾಖೆ ಹಾಕಿಕೊಡುವುದಿಲ್ಲ, ಪಂಚಾಂಗವೂ ಹಾಕಿಕೊಡುವುದಿಲ್ಲ. ನಾವೇ ಹಾಕಿಕೊಳ್ಳಬೇಕು. ನಾವೇ ಹಾಕಿದ ಬೀಗದ ಕೀಲಿಕೈ ನಮ್ಮ ಜೇಬಿನಲ್ಲೇ ಇರುತ್ತದೆ. ತನಗೆ ತಾನೇ ಭಾಷೆ ಕೊಟ್ಟುಕೊಳ್ಳುವುದರಲ್ಲಿ ಒಂದು ಹಳೆಯ ತೊಡಕಿದೆ. ಇನ್ನೊಬ್ಬರಿಗೆ ಮಾತು ಕೊಟ್ಟರೆ ಆ ಮಾತಿನಿಂದ ನಮ್ಮನ್ನು ಬಿಡುಗಡೆ ಮಾಡುವ ಅಧಿಕಾರ ಅವರದು. ತನಗೇ ಕೊಟ್ಟುಕೊಂಡರೆ ಸಾಲ ಕೊಟ್ಟವನೂ ತೆಗೆದುಕೊಂಡವನೂ ಒಬ್ಬನೇ. ಬೆಳಿಗ್ಗೆ ಖಡಕ್ಕಾಗಿದ್ದ ಸಾಲಗಾರ ರಾತ್ರಿ ಊಟವಾದ ಮೇಲೆ ದೊಡ್ಡ ಮನಸ್ಸು ಮಾಡುತ್ತಾನೆ. ‘ಹೋಗಲಿ ಬಿಡು, ಇವತ್ತೊಂದು ದಿನ’ ಎಂದು ಮನ್ನಾ ಮಾಡುತ್ತಾನೆ.

ಅದಕ್ಕೇ ಜನ ಕೀಲಿಕೈಯನ್ನು ಬೇರೆಯವರ ಕೈಗೆ ಕೊಡುತ್ತಾರೆ. ತಾಯಿಯ ಮೇಲೆ ಆಣೆ, ಮಗುವಿನ ತಲೆ ಮುಟ್ಟಿ ಆಣೆ, ದೇವರಿಗೆ ಹರಕೆ. ಅರ್ಥಶಾಸ್ತ್ರಜ್ಞರು ಇದನ್ನೇ ದುಡ್ಡಿನಲ್ಲಿ ಮಾಡಿ ನೋಡಿದರು. ಫಿಲಿಪ್ಪೀನ್ಸಿನಲ್ಲಿ ಸೇದುವವರು ತಮ್ಮದೇ ಹಣವನ್ನು ಬ್ಯಾಂಕಿನಲ್ಲಿ ಇಡುವುದು, ಆರು ತಿಂಗಳ ನಂತರ ಮೂತ್ರಪರೀಕ್ಷೆಯಲ್ಲಿ ನಿಕೋಟಿನ್ ಸಿಕ್ಕರೆ ಅದನ್ನು ಕಳೆದುಕೊಳ್ಳುವುದು. 2010ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಈ ಅವಕಾಶ ಸಿಕ್ಕವರ ಗುಂಪಿನಲ್ಲಿ ಬಿಟ್ಟವರು ಉಳಿದವರಿಗಿಂತ ನೂರಕ್ಕೆ ಮೂರರಷ್ಟು ಹೆಚ್ಚಿದ್ದರು. ಪ್ರಯೋಜನ ಇದೆ, ಆದರೆ ಚಿಕ್ಕದು. ಆಣೆಯಲ್ಲಿ ಇನ್ನೊಂದು ಅಪಾಯವಿದೆ. ಮಗುವಿನ ತಲೆ ಮುಟ್ಟಿ ಆಣೆ ಮಾಡಿದವನು ಒಂದು ದಿನ ಎಡವಿದರೆ ಅದನ್ನು ಯಾರಿಗೂ ಹೇಳುವಂತಿಲ್ಲ. ಹಿತ್ತಲಿಗೆ ಹೋಗಿ ಸೇದುತ್ತಾನೆ, ಬಾಯಿಗೆ ಏಲಕ್ಕಿ ಹಾಕಿಕೊಂಡು ಒಳಗೆ ಬರುತ್ತಾನೆ. ಅಲ್ಲಿಯವರೆಗೆ ಬೀಡಿಯ ಚಟ ಇತ್ತು, ಈಗ ಸುಳ್ಳಿನ ಚಟವೂ ಜೊತೆಯಾಯಿತು. ಎರಡನೆಯದನ್ನು ಮುಚ್ಚಿಡಬೇಕಾದ್ದರಿಂದ ಮೊದಲನೆಯದನ್ನು ಬಿಡಲು ಯಾರ ಸಹಾಯವನ್ನೂ ಕೇಳುವಂತಿಲ್ಲ.

ಇಲ್ಲಿ ನೈತಿಕ ಪ್ರಶ್ನೆ ನೇರವಾಗಿ ಎದುರಾಗುತ್ತದೆ. ಕೆಟ್ಟದ್ದೆಂದು ಗೊತ್ತಿದ್ದೂ ಮಾಡುವವನನ್ನು ನಾವು ಹೇಗೆ ನೋಡಬೇಕು? ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನ ಕೇಳುವುದು ಇದನ್ನೇ: ಮನುಷ್ಯ ತನಗೆ ಇಷ್ಟವಿಲ್ಲದಿದ್ದರೂ ಯಾರೋ ಬಲವಂತವಾಗಿ ನೂಕಿದಂತೆ ಪಾಪ ಮಾಡುತ್ತಾನಲ್ಲ, ನೂಕುವುದು ಯಾವುದು? ಉತ್ತರವಾಗಿ ಕೃಷ್ಣ ಕಾಮದ ಹೆಸರು ಹೇಳುತ್ತಾನೆ. ಅದು ತಿಳಿವನ್ನು ಮುಚ್ಚುವ ಬಗೆಗೆ ಅವನು ಕೊಡುವ ಮೊದಲ ಹೋಲಿಕೆ, ಕಾಕತಾಳೀಯವೆಂಬಂತೆ, ಬೆಂಕಿಯನ್ನು ಮುಚ್ಚುವ ಹೊಗೆಯದು. ಅಮೆರಿಕದ ತತ್ವಜ್ಞಾನಿ ಹ್ಯಾರಿ ಫ್ರಾಂಕ್‌ಫರ್ಟ್ 1971ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಚಟಕ್ಕೆ ಬಿದ್ದ ಇಬ್ಬರನ್ನು ಪಕ್ಕಪಕ್ಕ ಇಡುತ್ತಾನೆ. ಒಬ್ಬನಿಗೆ ತನ್ನ ಚಟದ ಬಗ್ಗೆ ತಕರಾರಿಲ್ಲ. ಇನ್ನೊಬ್ಬನಿಗೆ ಆಸೆಯೂ ಇದೆ, ಆ ಆಸೆ ತನ್ನನ್ನು ನಡೆಸದಿರಲಿ ಎಂಬ ಇನ್ನೊಂದು ಆಸೆಯೂ ಇದೆ. ಹೊರಗಿನಿಂದ ನೋಡಿದರೆ ಇಬ್ಬರ ಬೆರಳ ನಡುವೆಯೂ ಬೀಡಿ ಉರಿಯುತ್ತಿದೆ. ಒಳಗೆ ಅವರು ಒಂದೇ ಬಗೆಯವರಲ್ಲ.

ನಮ್ಮ ನಡುವೆ ಎರಡನೆಯವರೇ ಹೆಚ್ಚು. 2016–17ರಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸೇದುವವರ ಪೈಕಿ ಶೇಕಡಾ 55ರಷ್ಟು ಜನ ಬಿಡುವ ಯೋಚನೆಯಲ್ಲಿ ಇದ್ದವರು. ಹಾಗಾಗಿ ‘ಅವನಿಗೆ ಮಕ್ಕಳಿಗಿಂತ ಬೀಡಿಯೇ ಹೆಚ್ಚಾಯಿತು’ ಎಂದು ಮನೆಯಲ್ಲಿ ಹೇಳುವ ಮಾತು ನಿಜವಲ್ಲ. ಅವನು ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿ ಬೀಡಿಯನ್ನು ಆರಿಸಿಕೊಂಡವನಲ್ಲ. ಹಾಗೆಂದು ಅವನನ್ನು ಚಟವೆಂಬ ಗಾಳಿಗೆ ಸಿಕ್ಕ ತರಗೆಲೆ ಎನ್ನುವುದೂ ಸರಿಯಲ್ಲ. ತರಗೆಲೆಗೆ ಗುಂಬಳ್ಳಿ ಗೇಟಿನಿಂದ ಗೇಟಿನವರೆಗೆ ಸುಮ್ಮನಿರಲು ಬರುವುದಿಲ್ಲ. ನನಗೆ ತೋರುವುದು ಇಷ್ಟು: ಆಸೆ ಬಂದದ್ದಕ್ಕೆ ಅವನು ಹೊಣೆಯಲ್ಲ, ಪ್ರಶ್ನೆಯನ್ನು ತೆರೆದಿಟ್ಟದ್ದಕ್ಕೆ ಹೊಣೆ. ಅದರಲ್ಲೂ ಅವನೊಬ್ಬನೇ ಅಲ್ಲ. ಯಾರು ಯಾರು ಎಂಬುದಕ್ಕೆ ಆಮೇಲೆ ಬರೋಣ.

ಪ್ರಶ್ನೆ ತೆರೆದಿದ್ದರೆ ಸೋಲು ಏಕೆ ಖಚಿತ ಎಂದರೆ, ‘ಒಂದೇ ಒಂದು’ ಎಂಬ ವಾದವನ್ನು ಯಾರೂ ಗೆಲ್ಲಲಾರರು. ಒಂದು ಬೀಡಿಯಿಂದ ಯಾರೂ ಸತ್ತಿಲ್ಲ. ಇವತ್ತಿನ ಈ ಒಂದರ ಬಗ್ಗೆ ಅದು ನಿಜ, ನಾಳಿನ ಒಂದರ ಬಗ್ಗೆಯೂ ನಿಜ, ಮೂವತ್ತು ವರ್ಷದ ಪ್ರತಿಯೊಂದರ ಬಗ್ಗೆಯೂ ನಿಜ. ಒಂದೊಂದೂ ನಿರಪರಾಧಿ, ಎಲ್ಲ ಸೇರಿ ಕೊಲೆ. 1951ರಿಂದ ಐವತ್ತು ವರ್ಷ ಬ್ರಿಟನ್ನಿನ ವೈದ್ಯರ ಮೇಲೆ ನಡೆದ ರಿಚರ್ಡ್ ಡಾಲ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ಜೀವನವಿಡೀ ಸೇದಿದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮುಂಚೆ ಸತ್ತರು. ಆ ಹತ್ತು ವರ್ಷವನ್ನು ಯಾವ ಒಂದು ಬೀಡಿ ತಿಂದಿತು ಎಂದು ತೋರಿಸಲು ಬರುವುದಿಲ್ಲ. ಹಾಗಾಗಿ ಒಂದೊಂದು ಬೀಡಿಗೂ ಕೋರ್ಟು ನಡೆಸಿದರೆ ಪ್ರತಿ ಸಲವೂ ಬೀಡಿಯೇ ಗೆಲ್ಲುತ್ತದೆ. ಜಾಣತನವಿರುವುದು ವಾದದಲ್ಲಿ ಗೆಲ್ಲುವುದರಲ್ಲಿ ಅಲ್ಲ, ಕೋರ್ಟನ್ನು ಕೂಡಿಸದೆ ಇರುವುದರಲ್ಲಿ.

ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತೇನೆ ಎನ್ನುವವರ ಕಷ್ಟವೂ ಇದೇ ಇರಬೇಕು. ದಿನಕ್ಕೆ ಇಪ್ಪತ್ತರಿಂದ ಹತ್ತು, ಹತ್ತರಿಂದ ಐದು ಎಂದರೆ ದಿನವಿಡೀ ಲೆಕ್ಕ, ದಿನವಿಡೀ ವಿಚಾರಣೆ. ಇಂಗ್ಲೆಂಡಿನಲ್ಲಿ ಸುಮಾರು 700 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿನವರು ಗೊತ್ತುಮಾಡಿದ ದಿನ ಒಮ್ಮೆಲೇ ಬಿಟ್ಟರು, ಇನ್ನೊಂದು ಗುಂಪಿನವರು ಎರಡು ವಾರದಲ್ಲಿ ಇಳಿಸಿಕೊಂಡು ಬಂದು ಬಿಟ್ಟರು. ಎರಡೂ ಗುಂಪಿಗೆ ಸಲಹೆಯೂ ನಿಕೋಟಿನ್ ಬದಲಿ ಔಷಧವೂ ಸಿಕ್ಕಿತ್ತು. ನಾಲ್ಕು ವಾರದ ನಂತರ ಒಮ್ಮೆಲೇ ಬಿಟ್ಟವರಲ್ಲಿ ನೂರಕ್ಕೆ 49 ಜನ ನಿಂತಿದ್ದರು, ಇಳಿಸುತ್ತ ಬಿಟ್ಟವರಲ್ಲಿ 39. ಆರು ತಿಂಗಳಿಗೆ ಅದು 22 ಮತ್ತು 15ರ ಆಸುಪಾಸಿಗೆ ಬಂತು. ಈ ಕೊನೆಯ ಅಂಕಿಗಳನ್ನು ಎರಡು ಸಲ ಓದಬೇಕು. ಒಳ್ಳೆಯ ದಾರಿ ಹಿಡಿದು, ಸಹಾಯ ಪಡೆದು ಬಿಟ್ಟವರಲ್ಲೂ ಐವರಲ್ಲಿ ನಾಲ್ವರು ಆರು ತಿಂಗಳೊಳಗೆ ಎಡವಿದ್ದರು.

ಹಾಗಾಗಿ ಮನಸ್ಸಿನ ಬಾಗಿಲಿನ ಮಾತಾಡುವಾಗ ಮೈಯನ್ನು ಮರೆಯುವಂತಿಲ್ಲ. ಎಳೆದ ಹೊಗೆಯ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳು ಮುಟ್ಟುತ್ತದೆ. ವರ್ಷಗಟ್ಟಲೆ ಹೀಗೆ ಪಳಗಿದ ಮೆದುಳು ಮೊದಲ ದಿನಗಳಲ್ಲಿ ನಿದ್ದೆ ಕೆಡಿಸುತ್ತದೆ, ಸಿಟ್ಟು ತರಿಸುತ್ತದೆ, ಕೆಲಸದಲ್ಲಿ ಗಮನ ನಿಲ್ಲಲು ಬಿಡುವುದಿಲ್ಲ. ಆಗ ನಿಕೋಟಿನ್ ಚೂಯಿಂಗ್ ಗಮ್ಮನ್ನೋ ಪಟ್ಟಿಯನ್ನೋ ಬಳಸುವುದು, ವೈದ್ಯರು ಬರೆದುಕೊಡುವ ಮಾತ್ರೆ ತೆಗೆದುಕೊಳ್ಳುವುದು ಸೋಲಲ್ಲ. ಕಾಲು ಮುರಿದವನು ಊರುಗೋಲು ಹಿಡಿದರೆ ಯಾರೂ ಹಂಗಿಸುವುದಿಲ್ಲ. ಹಟದಿಂದಲೇ ಬಿಡಬೇಕು, ಸಹಾಯ ಪಡೆದರೆ ಅದು ಬಿಟ್ಟಂತಲ್ಲ ಎಂಬ ಗಂಡಸುತನದ ನಂಬಿಕೆ ಅನೇಕರನ್ನು ಬೀಡಿಯ ಬಳಿಯೇ ಉಳಿಸಿದೆ. 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿ 2016ರಿಂದ ಉಚಿತವಾಗಿ ನಡೆಯುತ್ತಿದೆ. ಅದರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಉಳಿದ ಉಪಾಯಗಳು ಬಲ್ಲವರೆಲ್ಲ ಹೇಳುವವೇ. ದಿನ ಗೊತ್ತುಮಾಡಿ ಹಿಂದಿನ ರಾತ್ರಿ ಜೇಬು, ಗಾಡಿ, ಕಪಾಟು ಖಾಲಿ ಮಾಡುವುದು. ಟೀ ಕುಡಿಯುವ ಅಂಗಡಿಯನ್ನೂ ಹೊತ್ತನ್ನೂ ಬದಲಿಸುವುದು. ಆಸೆ ಎದ್ದಾಗ ಗಡಿಯಾರ ನೋಡುವುದು, ಏಕೆಂದರೆ ಒಂದೊಂದು ಅಲೆಯೂ ಕೆಲವು ನಿಮಿಷಗಳದ್ದು. ಒಟ್ಟಿಗೆ ಸೇದುತ್ತಿದ್ದವರಿಗೆ ಬಾಯಿಬಿಟ್ಟು ಹೇಳುವುದು. ಗಮನಿಸಿದರೆ ಇವೆಲ್ಲ ಒಂದೇ ಕೆಲಸವನ್ನು ಮಾಡುತ್ತವೆ. ಪ್ರಶ್ನೆ ಮೇಲೇಳುವ ಜಾಗಗಳನ್ನು ಒಂದೊಂದಾಗಿ ಮುಚ್ಚುತ್ತವೆ. ಮಾಲೆ ಹಾಕಿದವನಿಗೆ ಊರೇ ಸೇರಿ ಮಾಡಿಕೊಡುತ್ತಿದ್ದ ಕೆಲಸವನ್ನು ಮಾಲೆ ಇಲ್ಲದವನು ತಾನೇ ಮಾಡಿಕೊಳ್ಳಬೇಕಾಗಿದೆ.

ಅವನಿಗೆ ಊರು ನೆರವಾಗುತ್ತಿದೆಯೇ? ಬಾಗಿಲಿನ ಹೊಣೆ ಅವನೊಬ್ಬನದೇ ಅಲ್ಲ ಎಂದೆನಲ್ಲ. ಚಿಲ್ಲರೆಯಾಗಿ ಬಿಡಿ ಸಿಗರೇಟು, ಬೀಡಿ ಮಾರುವುದನ್ನು ಕರ್ನಾಟಕ ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೂ ‘ಒಂದು ಕೊಡಪ್ಪಾ’ ಎಂದು ಕೇಳಿ ಪಡೆಯುವುದು ಇವತ್ತಿಗೂ ಯಾವ ಊರಿನಲ್ಲೂ ಕಷ್ಟವಲ್ಲ. ‘ಒಂದೇ ಒಂದು’ ಎಂಬ ಆ ಗೆಲ್ಲಲಾಗದ ವಾದವನ್ನು ಪೆಟ್ಟಿಗೆ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಮಾರಲಾಗುತ್ತಿದೆ. ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದಕ್ಕೆ 2008ರ ಅಕ್ಟೋಬರ್ 2ರಿಂದ ದೇಶವ್ಯಾಪಿ ನಿಷೇಧವಿದೆ. ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸುವ ತಿದ್ದುಪಡಿಯನ್ನು ನಮ್ಮ ವಿಧಾನಮಂಡಲ 2024ರಲ್ಲಿ ಒಪ್ಪಿತು. ಅದೇ ರಾಜ್ಯದ ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಸಿಗರೇಟಿನ ಹೊಗೆಸೊಪ್ಪು ಬೆಳೆಯುತ್ತದೆ, ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಬೇಲುಗಳು ಮಾರಾಟವಾಗುತ್ತವೆ. ತೆರಿಗೆ ಎಣಿಸುವ ಸರ್ಕಾರಕ್ಕೂ ಇದು ಬಿಡಲಾಗದ ಚಟ. ಬೇರೆ ಬೆಳೆಗೆ ಹೋಗಲು ರೈತನಿಗೆ ಅಂಥದ್ದೇ ಖಚಿತ ಮಾರುಕಟ್ಟೆ ಬೇಕು. ಅದಿಲ್ಲದೆ ಬಿಡು ಎಂದರೆ ಅವನೂ ನಾಳೆಯಿಂದ ಎನ್ನುತ್ತಾನೆ.

ಈ ಇಬ್ಬಂದಿ ಹಳೆಯದು. ತಂಬಾಕು ಮೊಗಲರ ಆಸ್ಥಾನಕ್ಕೆ ಹೋದದ್ದು ನಮ್ಮ ಬಿಜಾಪುರದಿಂದ. ಅಕ್ಬರನ ದೂತನಾಗಿ ಬಂದಿದ್ದ ಅಸದ್ ಬೇಗ್ ಹದಿನೇಳನೆಯ ಶತಮಾನದ ಆರಂಭದಲ್ಲಿ ಅದನ್ನು ಇಲ್ಲಿ ಕಂಡು ಒಂದು ಅಲಂಕಾರದ ಕೊಳವೆಯ ಸಮೇತ ದೊರೆಗೆ ಒಯ್ದ. ವೈದ್ಯರು ಬೇಡವೆಂದರೂ ಅಕ್ಬರ್ ಒಂದೆರಡು ದಂ ಎಳೆದು ನೋಡಿದ, ಆದರೆ ಚಟ ಮಾಡಿಕೊಳ್ಳಲಿಲ್ಲ. ಆಸ್ಥಾನಿಕರು ಮಾಡಿಕೊಂಡರು. ಮಗ ಜಹಾಂಗೀರ್ 1617ರಲ್ಲಿ ತಂಬಾಕನ್ನು ನಿಷೇಧಿಸಿದ. ಆದರೆ ಅವನು ಪರ್ಷಿಯಾಕ್ಕೆ ಕಳಿಸಿದ ರಾಯಭಾರಿ ಖಾನ್ ಆಲಂನಿಗೇ ಅದನ್ನು ಬಿಟ್ಟಿರಲು ಆಗಲಿಲ್ಲ. ತನ್ನ ದೇಶದಲ್ಲಿ ತಾನೂ ತಂಬಾಕು ನಿಷೇಧಿಸಿದ್ದ ಷಾ ಅಬ್ಬಾಸ್ ಅವನೊಬ್ಬನಿಗೆ ವಿನಾಯಿತಿ ಕೊಟ್ಟ. ಈ ಕತೆಯನ್ನು ಬರೆದಿಟ್ಟವನು ಸ್ವತಃ ಜಹಾಂಗೀರ್.

ದೊರೆಯ ಆಜ್ಞೆ ಬಿಡಿಸುವುದು, ಮನುಷ್ಯ ತಾನಾಗಿ ಬಿಡುವುದು. ಕನ್ನಡ ಈ ಎರಡನ್ನು ಒಂದೇ ಪ್ರತ್ಯಯದಲ್ಲಿ ಬೇರೆ ಮಾಡುತ್ತದೆ. ಬಿಳಿಗಿರಿಯ ಸೋಲಿಗರಿಗೆ ಬಿಡಿಸಿಕೊಳ್ಳುವುದು ಎಂದರೇನು ಎಂದು ಚೆನ್ನಾಗಿ ಗೊತ್ತು. 1974ರಲ್ಲಿ ಕಾಡು ಅಭಯಾರಣ್ಯವಾದ ಮೇಲೆ ಅವರ ಬೇಟೆ ನಿಂತಿತು, ಕಾಡು ಕಡಿದು ಮಾಡುತ್ತಿದ್ದ ಬೇಸಾಯ ನಿಂತಿತು. ಬೇಸಿಗೆಗೆ ಮೊದಲೇ ಅವರು ನೆಲದ ಎಲೆಗಳಿಗೆ ಹಚ್ಚುತ್ತಿದ್ದ ತರಗು ಬೆಂಕಿಯೂ ನಿಂತಿತು. ಅದು ಚಟವಾಗಿರಲಿಲ್ಲ, ಕಾಡಿನ ಜೊತೆ ಬದುಕುವ ತಿಳಿವಳಿಕೆಯಾಗಿತ್ತು. ಅದು ನಿಂತ ಮೇಲೆ ಲಂಟಾನ ಹಬ್ಬಿತು ಎಂದು ಸೋಲಿಗರು ಹೇಳುತ್ತ ಬಂದರು, ಸಂಶೋಧಕರೂ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡರು. ಸಮುದಾಯದ ಅರಣ್ಯ ಹಕ್ಕುಗಳು ಸಿಗಲು 2011ರವರೆಗೆ ಕಾಯಬೇಕಾಯಿತು. ಏಕೆ ಮಾಡುತ್ತೀರಿ ಎಂದು ಕೇಳದೆ ಬಿಡಿ ಎನ್ನುವವರ ಬಗ್ಗೆ ಇಲ್ಲಿನವರಿಗೆ ಅನುಮಾನವಿದ್ದರೆ ಅದಕ್ಕೆ ಕಾರಣವಿದೆ.

ಬೀಡಿಯ ವಿಷಯದಲ್ಲೂ ಮೊದಲು ಏಕೆ ಎಂದು ಕೇಳಬೇಕು. ಸುಮಾರು 5000 ಅಡಿ ಎತ್ತರದ ಬೆಟ್ಟದ ಚಳಿಯಲ್ಲಿ ಕಾಫಿ ತೋಟದ ಕೂಲಿಗೆ ಹೋಗುವವನಿಗೆ ಬೀಡಿ ಬೆಚ್ಚಗೆ, ಹಸಿವಿಗೆ ತಡೆ. ಎಲ್ಲಕ್ಕಿಂತ ಹೆಚ್ಚಾಗಿ ಯಾರೂ ಆಕ್ಷೇಪಿಸದ ಐದು ನಿಮಿಷದ ವಿರಾಮ. ಸುಮ್ಮನೆ ಕೂತರೆ ಮೇಸ್ತ್ರಿ ಕೂಗುತ್ತಾನೆ, ಬೀಡಿ ಹಚ್ಚಿ ಕೂತರೆ ಕೂಗುವುದಿಲ್ಲ. ಆರಾಮ ಕುರ್ಚಿಯಲ್ಲಿ ಕೂತವರು ಅವನಿಗೆ ಬಿಡು ಎನ್ನುವಾಗ ಅವನ ಒಂದೇ ವಿರಾಮವನ್ನು ಕಸಿಯುತ್ತಿದ್ದೇವೆ ಎಂಬುದು ನೆನಪಿರಬೇಕು. ಅವನ ಪುಪ್ಪುಸ ನಮ್ಮದಕ್ಕಿಂತ ಗಟ್ಟಿ ಎಂದು ಇದರ ಅರ್ಥವಲ್ಲ. ಬೀಡಿಯಿಲ್ಲದೆಯೂ ಐದು ನಿಮಿಷ ಕೂರಲು ಸಾಧ್ಯವಾದರೆ ಅವನ ಬಾಗಿಲು ಅರ್ಧ ಮುಚ್ಚಿದಂತೆ.

ಇನ್ನು ಎಡವಿದವರ ಮಾತು. ಐವರಲ್ಲಿ ನಾಲ್ವರು ಎಡವುವುದಾದರೆ ಇದೇ ಮುಖ್ಯ ಮಾತು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ಇಂಥವರ ಮೇಲೆ ಎಸೆಯುತ್ತೇವೆ. ಬೀಡಿ ಯಾರ ಹುಟ್ಟುಗುಣವೂ ಅಲ್ಲ, ಗಾದೆ ಇಲ್ಲಿಗೆ ಸಲ್ಲುವುದಿಲ್ಲ. ಆದರೆ ನಿಜವಾದ ತೊಡಕೊಂದಿದೆ. ಎಡವಿದರೂ ಪರವಾಗಿಲ್ಲ ಎಂದು ಮೊದಲೇ ಹೇಳಿದರೆ ಬಾಗಿಲು ತೆರೆದಿಟ್ಟಂತೆ. ಎಡವಿದರೆ ಮುಗಿಯಿತು ಎಂದರೆ, ಎಡವಿದವನು ಬಿದ್ದಲ್ಲೇ ಇರುತ್ತಾನೆ. ‘ಹೇಗೂ ಮಾತು ಮುರಿಯಿತು’ ಎಂದು ಇಡೀ ಕಟ್ಟು ಮುಗಿಸುವುದು ಇದೇ ಲೆಕ್ಕದಲ್ಲಿ.

ಬೆಟ್ಟದ ರಂಗನಾಥನಿಗೆ ಭಕ್ತರು ದೊಡ್ಡ ಚರ್ಮದ ಚಪ್ಪಲಿಗಳನ್ನು ಒಪ್ಪಿಸುತ್ತಾರೆ. ಸುತ್ತಲಿನ ಊರಿನ ಮಾದಿಗ ಸಮುದಾಯದವರು ಅವನ್ನು ಮಾಡುತ್ತಾರೆ. ರಾತ್ರಿ ಸ್ವಾಮಿ ಅವನ್ನು ಮೆಟ್ಟಿ ಕಾಡು ಸುತ್ತುತ್ತಾನೆ, ಹಾಗಾಗಿ ಅವು ಸವೆಯುತ್ತವೆ ಎಂಬುದು ನಂಬಿಕೆ. ಸವೆದಾಗ ಹೊಸ ಜೋಡಿ ಬರುತ್ತದೆ. ಹೊಲಿಯುವವರು ಹೇಗೂ ಸವೆಯುತ್ತದಲ್ಲ ಎಂದು ಹೊಲಿಗೆ ಸಡಿಲ ಬಿಡುವುದಿಲ್ಲ. ಸವೆದದ್ದನ್ನು ಕಂಡು ರಂಗಪ್ಪ ನಡೆಯುವುದನ್ನೇ ನಿಲ್ಲಿಸಿದ ಎಂದು ಯಾರೂ ಅನ್ನುವುದಿಲ್ಲ. ‘ಬಿಟ್ಟೆ’ ಎಂಬ ಮಾತನ್ನೂ ಹೀಗೆ ಆಡಬಹುದು ಅನ್ನಿಸುತ್ತದೆ. ಮುಂದಕ್ಕೆ ನೋಡುವಾಗ ಬಿಗಿಯಾಗಿರಬೇಕು, ಹಿಂದಕ್ಕೆ ನೋಡುವಾಗ ದಯೆಯಿರಬೇಕು. ನಾಳೆಗೆ ವಿನಾಯಿತಿ ಇಲ್ಲ, ನಿನ್ನೆಗೆ ಶಿಕ್ಷೆ ಇಲ್ಲ. ಹಾಗೆ ಆಡಿದಾಗ ಅದು ಭವಿಷ್ಯ ಹೇಳುವ ಮಾತಲ್ಲ. ಅಂಕಿಅಂಶ ಅದರ ವಿರುದ್ಧವಿದ್ದರೂ ಅದು ಸುಳ್ಳಾಗುವುದಿಲ್ಲ. ‘ಈ ಪ್ರಶ್ನೆಯನ್ನು ನಾನು ಇನ್ನು ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ’ ಎಂಬ ತೀರ್ಮಾನ ಅದು. ಭೂತಕಾಲದ ಕ್ರಿಯಾಪದ ಅದಕ್ಕೆ ಸರಿಯಾಗಿಯೇ ಒಪ್ಪುತ್ತದೆ. ತೀರ್ಮಾನ ಆಗಿಹೋಗಿದೆ. ನೂರೊಂದನೆಯ ಸಲ ಬಿಡುವವನೂ ಅದನ್ನು ಮೊದಲ ಸಲದಷ್ಟೇ ಪೂರ್ತಿಯಾಗಿ ಹೇಳಬಲ್ಲ.

ಯಾರಿಗೆ ಹೇಳುವುದು ಎಂಬುದೊಂದು ಉಳಿಯಿತು. ಸೋಲಿಗರ ಪಾಲಿಗೆ ರಂಗಸ್ವಾಮಿ ಭಾವ. ಅವರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದವನು. ಬೇರೆಯವರಿಗೆ ಕೈಮುಗಿದು ನಿಲ್ಲಬೇಕಾದ ದೇವರು ಇವರಿಗೆ ಹಾಸ್ಯ ಮಾಡಬಹುದಾದ ನೆಂಟ. ಕೀಲಿಕೈ ಕೊಡುವುದಾದರೆ ಅಂಥವರಿಗೆ ಕೊಡಬೇಕು. ಆಣೆ ಹಾಕಿಸಿ ಹೆದರಿಸುವವರಿಗೆ ಕೊಟ್ಟರೆ ಎಡವಿದ ದಿನ ಏಲಕ್ಕಿ ಹುಡುಕಬೇಕಾಗುತ್ತದೆ. ‘ಏನ್ ಭಾವ, ಇವತ್ತು ಹೆಂಗೆ?’ ಎಂದು ದಿನಾ ಕೇಳುವ, ಎಡವಿದೆ ಎಂದರೆ ನಕ್ಕು ಬೈದು ಮತ್ತೆ ನಾಳೆ ಅದೇ ಪ್ರಶ್ನೆ ಕೇಳುವ ಒಬ್ಬ ಮನುಷ್ಯ ಸಾಕು. ಅದು ಹೆಂಡತಿಯಿರಬಹುದು, ಮಗಳಿರಬಹುದು, ಜೊತೆಗೆ ಸೇದುತ್ತಿದ್ದವನೇ ಇರಬಹುದು. ಡಾಲ್ ಅವರ ಲೆಕ್ಕದಲ್ಲಿ 30ನೆಯ ವಯಸ್ಸಿನಲ್ಲಿ ಬಿಟ್ಟವನಿಗೆ ಕಳೆದುಕೊಳ್ಳಲಿದ್ದ ಹತ್ತು ವರ್ಷವೂ ವಾಪಸು ಸಿಗುತ್ತದೆ, 40ರಲ್ಲಿ ಬಿಟ್ಟರೆ ಒಂಬತ್ತು, 50ರಲ್ಲಿ ಆರು, 60ರಲ್ಲಿ ಮೂರು. ಎಷ್ಟನೆಯ ಸಲ ಬಿಟ್ಟದ್ದು ಎಂದು ಆ ಪಟ್ಟಿಯಲ್ಲಿ ಎಲ್ಲೂ ಕೇಳಿಲ್ಲ.